ಮಂಗನ ಕಾಯಿಲೆಯ ಸಂಶೋಧನೆಗೆ ನಮ್ಮದೇ ದುಡ್ಡು ಇಡಿ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ಮತ್ತು ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿಗೆ,

ನಮಸ್ಕಾರ.

ನಾನು ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಈ ಪತ್ರದಲ್ಲಿ ಇರುವುದು ಒಂದೇ ಬೇಡಿಕೆ. ವಿಶ್ವವಿದ್ಯಾಲಯದ ಬೇರೆ ಬೇರೆ ವಿಭಾಗದವರೂ ಊರಿನ ಜನರೂ ಒಟ್ಟಿಗೆ ಕೂತು ಮಾಡುವ ಸಂಶೋಧನೆಗೆ ರಾಜ್ಯ ಸರ್ಕಾರ ತನ್ನ ಬಜೆಟ್ಟಿನಲ್ಲಿ ಪ್ರತ್ಯೇಕವಾಗಿ ಹಣ ಇಡಬೇಕು. ಆ ಹಣದಲ್ಲಿ ಊರಿನವರ ಪಾಲು ಮೊದಲ ದಿನದಿಂದಲೇ ಆದೇಶದಲ್ಲಿ ಬರೆದಿರಬೇಕು. ಯಾಕೆ ಎಂದು ಹೇಳಲು ನನಗೆ ಹತ್ತಿರದಿಂದ ಗೊತ್ತಿರುವ ಒಂದು ಕಾಯಿಲೆಯ ವಿಷಯವನ್ನೇ ತೆಗೆದುಕೊಳ್ಳುತ್ತೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಅದರ ಬೆನ್ನಿಗೇ ಕಾಡಂಚಿನ ಜನ ಜ್ವರ ಹಿಡಿದು ಮಲಗಿದರು. ಹಳದಿ ಜ್ವರ ಭಾರತಕ್ಕೂ ಬಂದುಬಿಟ್ಟಿತೇ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳೇ ಗಾಬರಿಯಾಗಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಹೊಸ ವೈರಸ್ ಎಂದು ಗೊತ್ತಾಯಿತು. ಕಾಡಿನ ಹೆಸರೇ ಕಾಯಿಲೆಗೂ ಬಂತು. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎಂದೇ ಕರೆಯುತ್ತಾರೆ.

ಆ ಪುಣೆಯ ಕೇಂದ್ರ ನಡೆಯುತ್ತಿದ್ದದ್ದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಷನ್ ಇಬ್ಬರ ಹಣದಲ್ಲಿ. ಸಾಗರದಲ್ಲಿ ಒಂದು ಕ್ಷೇತ್ರ ಕೇಂದ್ರವೂ ಇತ್ತು. ಅಲ್ಲಿ ಡಾಕ್ಟರುಗಳ ಜೊತೆಗೆ ಕೀಟ ಬಲ್ಲವರು, ಪ್ರಾಣಿ ಬಲ್ಲವರು ಎಲ್ಲರೂ ಕೆಲಸ ಮಾಡಿದರು. ಈ ವೈರಸ್ ರಷ್ಯಾದ ಒಂದು ವೈರಸ್ಸಿನ ಹತ್ತಿರದ ನೆಂಟ ಎಂದು ತಿಳಿದಾಗ, ವಲಸೆ ಹಕ್ಕಿಗಳು ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದಿತು. ಅದನ್ನು ನೋಡಲು ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಮತ್ತು ಅವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಕೆಲಸ ಶುರು ಮಾಡಿತು. 1960ರ ದಶಕದಲ್ಲಿ ಬೊಷೆಲ್ ಎಂಬ ಕೊಲಂಬಿಯಾದ ವಿಜ್ಞಾನಿ ಇನ್ನೊಂದು ದಿಕ್ಕಿಗೆ ಬೆರಳು ತೋರಿಸಿದರು. ಊರು ಬೆಳೆದು, ಕಾಡು ಕಡಿದು, ಅದರೊಳಗೆ ದನ ಮೇಯುವುದು ಹೆಚ್ಚಾದಂತೆ ಉಣುಗು (ರಕ್ತ ಹೀರುವ ಉಣ್ಣೆ) ಹೆಚ್ಚಾಗಿದೆ ಎಂದರು ಅವರು. ಅಂದರೆ ಇದು ವೈರಸ್ಸಿನ ಕಥೆ ಅಷ್ಟೇ ಅಲ್ಲ, ನಾವು ಬದುಕುವ ರೀತಿಯ ಕಥೆಯೂ ಹೌದು ಎಂದು ಅರವತ್ತು ವರ್ಷದ ಹಿಂದೆಯೇ ಗೊತ್ತಿತ್ತು.

ಕಾಯಿಲೆ ಹೇಗೆ ಬರುತ್ತದೆ ಎಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ಆದರೂ ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ವೈರಸ್ ಇರುವುದು ಕಾಡಿನ ಉಣುಗಿನಲ್ಲಿ. ಮುಸ್ಯ (ಕಪ್ಪು ಮೋರೆಯ ಮಂಗ) ಮತ್ತು ಕೆಂಪು ಮೋರೆಯ ಮಂಗಗಳಿಗೆ ಅದು ಕಚ್ಚಿದರೆ ಅವು ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಆ ದಾರಿಯಲ್ಲಿ ನಡೆದವರಿಗೆ ಕಚ್ಚುತ್ತವೆ. ದನಗಳಿಗೆ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡ ಉಣುಗುಗಳು ದನದ ರಕ್ತ ಕುಡಿದೇ ಬೆಳೆಯುತ್ತವೆ, ಮೊಟ್ಟೆ ಇಡುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಉಳಿದವರೂ ವಾರಗಟ್ಟಲೆ ಕೂಲಿಗೆ ಹೋಗಲಾರದೆ ಮನೆಯಲ್ಲಿ ಬೀಳುತ್ತಾರೆ. ಇದಕ್ಕೇ ಎಂದು ಔಷಧಿ ಇಲ್ಲ. ಇದ್ದ ಲಸಿಕೆಯ ಶಕ್ತಿ ಸಾಲದು ಎಂದು 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಸೇರಿ ಕೆಲಸ ಮಾಡುತ್ತಿವೆ. ಅದು ಬೇಗ ಬರಲಿ ಎಂದು ನಾವೆಲ್ಲ ಕಾಯುತ್ತಿದ್ದೇವೆ.

ಬರುವವರೆಗೆ ಏನು ಮಾಡುವುದು? "ಕಾಡಿಗೆ ಹೋಗಬೇಡಿ" ಎಂದು ಕರಪತ್ರ ಹಂಚುತ್ತೇವೆ. ಹೋಗಲೇಬೇಕಾದರೆ ಉಣುಗು ಕಚ್ಚದಂತೆ ಮೈಕೈಗೆ ಎಣ್ಣೆ ಹಚ್ಚಿಕೊಂಡು ಹೋಗಿ ಎನ್ನುತ್ತೇವೆ. ಮೊದಲು ಡಿಎಂಪಿ ಎಣ್ಣೆ ಇತ್ತು, ಈಗ ಡೀಪಾ ಎಣ್ಣೆ. ಸಲಹೆ ತಪ್ಪಲ್ಲ. ಆದರೆ ಯಾರಿಗೆ ಹೇಳುತ್ತಿದ್ದೇವೆ ನೋಡಿ. ಕೊಟ್ಟಿಗೆಗೆ ದರಗು (ಉದುರಿದ ಒಣ ಎಲೆ) ಗುಡಿಸಿ ತರುವ ಹೆಂಗಸಿಗೆ. ಒಲೆಗೆ ಸೌದೆ ತರುವವರಿಗೆ. ಬೇರೆಯವರ ತೋಟಕ್ಕೆ ಸೊಪ್ಪು ಕಡಿಯುವ ಕೂಲಿಯವರಿಗೆ. ಕಾಡಿಗೆ ಹೋಗದಿದ್ದರೆ ಅವರ ಮನೆ ನಡೆಯುವುದು ಹೇಗೆ? ಡಿಸೆಂಬರಿನಿಂದ ಮೇ ಎಂದರೆ ದರಗು ಉದುರುವ ಕಾಲ, ಸೌದೆ ಕೂಡಿಡುವ ಕಾಲ, ಅಡಿಕೆ ಕೊಯ್ಲಿನ ಕಾಲ. ಅಷ್ಟೇ ಅಲ್ಲ, ಗುಡಿಸಿ ತಂದ ದರಗಿನ ರಾಶಿಯ ಜೊತೆಗೆ ಉಣುಗೂ ಮನೆಯಂಗಳಕ್ಕೆ ಬರುತ್ತದೆ. ಕಾಡಿಗೆ ಕಾಲಿಡದ ಅಜ್ಜಿಗೂ ಜ್ವರ ಬಂದರೆ ಆಶ್ಚರ್ಯ ಪಡಬೇಕಿಲ್ಲ.

ದರಗು ಬೇಡ ಎಂದಾದರೆ ಕೊಟ್ಟಿಗೆಗೆ ಏನು ಹಾಸಬೇಕು? ಗೊಬ್ಬರಕ್ಕೆ ಏನು ಮಾಡಬೇಕು? ಅದರ ಖರ್ಚು ಯಾರದು? ಇದು ವೈದ್ಯಕೀಯ ಕಾಲೇಜಿನ ಪ್ರಶ್ನೆಯೋ, ಕೃಷಿ ವಿಶ್ವವಿದ್ಯಾಲಯದ ಪ್ರಶ್ನೆಯೋ, ಅರ್ಥಶಾಸ್ತ್ರ ವಿಭಾಗದ ಪ್ರಶ್ನೆಯೋ? ಯಾರದೂ ಅಲ್ಲದ್ದರಿಂದ ಯಾರೂ ಕೇಳುವುದಿಲ್ಲ. ಸತ್ತ ಮಂಗ ಸಿಕ್ಕರೆ ಅದು ಅರಣ್ಯ ಇಲಾಖೆಗೆ ಸೇರಿದ್ದು. ಅದನ್ನು ಕೊಯ್ದು ನೋಡುವವರು ಪಶು ವೈದ್ಯರು. ಸುತ್ತ ಐವತ್ತು ಅಡಿ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕಿಸಲು ಆರೋಗ್ಯ ಇಲಾಖೆ, ಪಂಚಾಯಿತಿ. ಜ್ವರ ಬಂದ ಮನುಷ್ಯನ ರಕ್ತ ಶಿವಮೊಗ್ಗದ ಪ್ರಯೋಗಾಲಯಕ್ಕೆ. ದನದ ಮೈಮೇಲಿನ ಉಣುಗು ಪಶುಸಂಗೋಪನೆಗೆ. ಮಂಗ ಸತ್ತ ಸುದ್ದಿ ಮೊದಲು ಗೊತ್ತಾಗುವುದು ಮಾತ್ರ ಇವರ‍್ಯಾರಿಗೂ ಅಲ್ಲ. ದನ ಹೊಡೆದುಕೊಂಡು ಹೋದ ಹುಡುಗನಿಗೆ, ವಾಸನೆ ಹಿಡಿದ ಸೌದೆಯವಳಿಗೆ. ಅವರು ಆಶಾ ಕಾರ್ಯಕರ್ತೆಗೆ ಹೇಳುತ್ತಾರೆ. ಆಕೆ ಫೋನ್ ಮಾಡುತ್ತಾಳೆ.

ಈ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ. ಕೆಲವು ವರ್ಷಗಳ ಹಿಂದೆ ಮಂಕಿ ಫೀವರ್ ರಿಸ್ಕ್ ಎಂಬ ಯೋಜನೆ ನಡೆಯಿತು. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರ ಅದರ ಮುಂದಾಳು. ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ, ಪಶು ರೋಗಗಳನ್ನು ಅಭ್ಯಾಸ ಮಾಡುವ ನಿವೇದಿ, ಸಾರ್ವಜನಿಕ ಆರೋಗ್ಯ ಸಂಸ್ಥೆ, ಐಸಿಎಂಆರ್, ನಮ್ಮ ರಾಜ್ಯದ ಆರೋಗ್ಯ ಇಲಾಖೆ ಎಲ್ಲರೂ ಅದರಲ್ಲಿದ್ದರು. ಎಲ್ಲಿ ಅಪಾಯ ಜಾಸ್ತಿ ಎಂಬ ನಕ್ಷೆ ಮಾಡುವುದು ಒಂದು ಗುರಿ. ಸಾಮಾನ್ಯವಾಗಿ ಇಂಥ ನಕ್ಷೆಯನ್ನು ಕಂಪ್ಯೂಟರ್ ಮುಂದೆ ಕೂತವರೇ ಮಾಡಿ ಮುಗಿಸುತ್ತಾರೆ. ಇವರು ಹಾಗೆ ಮಾಡಲಿಲ್ಲ. ಆರೋಗ್ಯ, ಪಶುಸಂಗೋಪನೆ, ಅರಣ್ಯ ಇಲಾಖೆಯವರನ್ನು ಮೊದಲೇ ಕರೆದು, ಯಾವ ಅಂಶ ನೋಡಬೇಕು, ನಕ್ಷೆ ಯಾರ ಕೈಗೆ ಹೇಗೆ ಉಪಯೋಗಕ್ಕೆ ಬರಬೇಕು ಎಂದು ಅವರನ್ನೇ ಕೇಳಿದರು. 2020ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ತೇವದ ಕಾಡೂ ತೋಟವೂ ಒಂದರೊಳಗೊಂದು ಹೆಣೆದುಕೊಂಡ ಜಾಗದಲ್ಲಿ, ನಾಟಿ ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು ಎಂದು ಕಂಡಿತು. ಶಿವಮೊಗ್ಗ ಜಿಲ್ಲೆಯ 2014ರಿಂದ 2018ರವರೆಗಿನ ಪ್ರಕರಣಗಳನ್ನು ಇಟ್ಟುಕೊಂಡು ಮಾಡಿದ ಲೆಕ್ಕ 2019ರಲ್ಲಿ ಕಾಯಿಲೆ ಕಂಡ ಜಾಗಗಳ ಜೊತೆಗೂ ಚೆನ್ನಾಗಿ ಹೊಂದಿತು. ಆ ವರ್ಷ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಎಷ್ಟು ಮನೆಗಳಲ್ಲಿ ಸಾವು ಕಂಡೆವು ಎಂದು ನಿಮಗೆ ನೆನಪಿರಬಹುದು. ಇಂಥ ಲೆಕ್ಕ ಸುಮ್ನೆ ಪುಸ್ತಕದಲ್ಲಿ ಇರಬೇಕಾದದ್ದಲ್ಲ.

ಅದೇ ತಂಡದವರು ಜನರ ಬದುಕನ್ನೂ ನೋಡಿದರು. ಕಾಡನ್ನೇ ನಂಬಿದ ಬುಡಕಟ್ಟಿನವರಿಗೆ, ಸಣ್ಣ ಹಿಡುವಳಿಯವರಿಗೆ ನಮ್ಮ ಎಚ್ಚರಿಕೆಯ ಮಾತು ಯಾಕೆ ಪಾಲಿಸಲು ಆಗುವುದಿಲ್ಲ ಎಂದು ಕೇಳಿದರು. ಒಬ್ಬ ಸಮಾಜಶಾಸ್ತ್ರದ ಮೇಷ್ಟ್ರಾಗಿ ನನಗೆ ಅದು ಬಹಳ ಸಂತೋಷ ಕೊಟ್ಟಿತು.

ಆದರೆ ಹಣ ಎಲ್ಲಿಂದ ಬಂತು? ಬ್ರಿಟನ್ ಸರ್ಕಾರದ ಜಾಗತಿಕ ಸವಾಲುಗಳ ಸಂಶೋಧನಾ ನಿಧಿಯಿಂದ. ಬೇರೆ ದೇಶಗಳಿಗೆ ಕೊಡುವ ನೆರವಿನ ಹಣದಲ್ಲಿ ಕಟ್ಟಿದ ನಿಧಿ ಅದು. ಒಳ್ಳೆಯ ನಿಧಿಯೇ. ಬೇರೆ ಬೇರೆ ವಿಷಯದವರು ಸೇರಲೇಬೇಕು, ಸ್ಥಳೀಯರು ಪಾಲುದಾರರಾಗಬೇಕು ಎಂಬ ಷರತ್ತನ್ನು ಅದು ಇಟ್ಟಿತ್ತು. ಆದರೆ ಕೋವಿಡ್ ನಂತರ ಬ್ರಿಟನ್ ತನ್ನ ನೆರವಿನ ಹಣವನ್ನು ರಾಷ್ಟ್ರೀಯ ಆದಾಯದ ಶೇ. 0.7ರಿಂದ ಶೇ. 0.5ಕ್ಕೆ ಇಳಿಸಿತು. 2021ರ ಮಾರ್ಚ್‌ನಲ್ಲಿ ಅಲ್ಲಿನ ಸಂಶೋಧನಾ ಮಂಡಳಿ, ಒಪ್ಪಿಕೊಂಡ ಯೋಜನೆಗಳಿಗೂ ಕೈಯಲ್ಲಿರುವ ಹಣಕ್ಕೂ ನಡುವೆ 12 ಕೋಟಿ ಪೌಂಡಿನ ಅಂತರ ಇದೆ ಎಂದು ಬಹಿರಂಗವಾಗಿ ಹೇಳಿತು. ಜಗತ್ತಿನ ಎಷ್ಟೋ ದೇಶಗಳಲ್ಲಿ ನಡೆಯುತ್ತಿದ್ದ ಇಂಥ ಕೆಲಸಗಳು ನಡುದಾರಿಯಲ್ಲಿ ತತ್ತರಿಸಿದವು. ಅವರ ಹಣ, ಅವರ ತೀರ್ಮಾನ. ಅವರನ್ನು ದೂರುವ ಹಕ್ಕು ನಮಗಿಲ್ಲ. ನಾನು ಕೇಳುವುದು ನಮ್ಮನ್ನೇ. 1957ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಹಣ ಬೇಕಾಯಿತು ಎಂದರೆ ಒಪ್ಪಬಹುದು, ಆಗ ನಾವು ಬಡವರು. ಅರವತ್ತು ವರ್ಷ ಆದಮೇಲೂ ಸೊರಬ, ಸಾಗರ, ತೀರ್ಥಹಳ್ಳಿಯ ಕಾಡಿನ ಉಣುಗಿನ ಬಗ್ಗೆ ಎಲ್ಲರೂ ಒಟ್ಟಿಗೆ ಕೂತು ಯೋಚಿಸಲು ಲಂಡನ್ನಿನ ಹಣಕ್ಕೆ ಕಾಯಬೇಕೇ?

ಇನ್ನೊಂದು ಮಾತು ಇಲ್ಲೇ ಹೇಳಬೇಕು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದಮೇಲೆ, ಹಾಗೆ ಹಣ ಪಡೆದ ಒಂದು ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆ ಹಣ ತಂದರೂ ತಾಲ್ಲೂಕಿನ ಒಂದು ಸಣ್ಣ ಸಂಘವನ್ನು ಅದರಲ್ಲಿ ನಿಜವಾದ ಪಾಲುದಾರ ಮಾಡುವ ಸುಲಭದ ದಾರಿ ಮುಚ್ಚಿತು. ಹಾಗಾಗಿ ನಮ್ಮ ಸರ್ಕಾರದ ಹಣವೇ ಬೇಕು ಎಂಬುದು ಈಗ ಸ್ವಾಭಿಮಾನದ ಮಾತಾಗಿ ಉಳಿದಿಲ್ಲ, ಬೇರೆ ದಾರಿಯೇ ಇಲ್ಲ.

ಕೇಂದ್ರದಲ್ಲಿ ಹಣ ಇದೆಯಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದರು. ಅದರಲ್ಲಿ ಕೇಂದ್ರ ಸರ್ಕಾರ ಕೊಡುವುದು 14,000 ಕೋಟಿ. ಉಳಿದ ಸುಮಾರು 36,000 ಕೋಟಿ ಉದ್ಯಮಗಳಿಂದ, ದಾನಿಗಳಿಂದ ಬರಬೇಕು. 2025ರಲ್ಲಿ ಇನ್ನೂ 1 ಲಕ್ಷ ಕೋಟಿಯ ನಿಧಿಗೆ ಒಪ್ಪಿಗೆ ಸಿಕ್ಕಿತು. ಅದು ಖಾಸಗಿ ಕಂಪನಿಗಳ ಸಂಶೋಧನೆಗೆ ಕಡಿಮೆ ಬಡ್ಡಿಯ ಸಾಲ ಕೊಡಲು. ಇವೆಲ್ಲ ಬೇಕು, ನಾನು ಬೇಡ ಎನ್ನುವುದಿಲ್ಲ. ಆದರೆ ದರಗು ಗುಡಿಸುವವಳಿಗೆ ಬರುವ ಜ್ವರದ ಮೇಲೆ ಯಾವ ಕಂಪನಿ ದುಡ್ಡು ಹಾಕುತ್ತದೆ? ಅದರಲ್ಲಿ ಲಾಭ ಇಲ್ಲ. ವರ್ಷಕ್ಕೆ ಕೆಲವು ನೂರು ಜನರಿಗೆ ಬರುವ ಕಾಯಿಲೆ, ಅದೂ ಬಡವರಿಗೆ. ಕಂಪನಿಗಳು ಸಮಾಜಕ್ಕೆಂದು ಖರ್ಚು ಮಾಡುವ ಸಿಎಸ್‌ಆರ್ ಹಣವನ್ನು ಸರ್ಕಾರಿ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಕೊಡಬಹುದು ಎಂದು 2019ರಲ್ಲಿ ನಿಯಮ ಆಯಿತು. ಅಲ್ಲಿ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಎಂದು ಬರೆದಿದ್ದಾರೆ. ಸಮಾಜ ವಿಜ್ಞಾನಕ್ಕೆ ಜಾಗ ಇಲ್ಲ. ಜನ ಯಾಕೆ ಎಣ್ಣೆ ಹಚ್ಚಿಕೊಳ್ಳುವುದಿಲ್ಲ ಎಂದು ಕೇಳಲು ಅಲ್ಲಿ ಲೆಕ್ಕಶೀರ್ಷಿಕೆಯೇ ಸಿಗುವುದಿಲ್ಲ.

ದೇಶ ತನ್ನ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಹಾಕುವುದು ಶೇ. 0.64. ಇದು 2020–21ರ ಲೆಕ್ಕ. ಅದರೊಳಗೆ ಎಲ್ಲ ರಾಜ್ಯ ಸರ್ಕಾರಗಳು ಸೇರಿ ಹಾಕಿದ್ದು ಶೇ. 6.7ರಷ್ಟು ಪಾಲು. ಆರೋಗ್ಯ, ಕೃಷಿ, ಪಶುಸಂಗೋಪನೆ, ಪಂಚಾಯಿತಿ ಎಲ್ಲವೂ ರಾಜ್ಯದ ಕೈಯಲ್ಲಿವೆ. ಅವುಗಳ ಬಗ್ಗೆ ಪ್ರಶ್ನೆ ಕೇಳುವ ಹಣ ಮಾತ್ರ ರಾಜ್ಯದ ಬಳಿ ಇಲ್ಲ ಎಂದರೆ ಹೇಗೆ? ನಮ್ಮ ವಿಜ್ಞಾನ ಮತ್ತು ತಂತ್ರಜ್ಞಾನ ದೂರದೃಷ್ಟಿ ಸಮೂಹ ಕಾಲೇಜುಗಳಿಗೆ ಪ್ರಯೋಗಾಲಯ ಕಟ್ಟಿಕೊಳ್ಳಲು ನೆರವು ಕೊಟ್ಟಿದೆ, ಅದರಿಂದ ಎಷ್ಟೋ ಕಾಲೇಜುಗಳಿಗೆ ಒಳ್ಳೆಯದಾಗಿದೆ. ಅದೇ ಧೈರ್ಯವನ್ನು ಈಗ ಪ್ರಯೋಗಾಲಯದ ಹೊರಗಿನ ಕೆಲಸಕ್ಕೂ ತೋರಿಸಿ.

ಶಿವಮೊಗ್ಗ ಒಂದೇ ಜಿಲ್ಲೆಯಲ್ಲಿ ಏನೇನಿದೆ ನೋಡಿ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ. ಇರುವಕ್ಕಿಯಲ್ಲಿ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ. ಶಿವಮೊಗ್ಗದಲ್ಲಿ ಪಶು ವೈದ್ಯಕೀಯ ಕಾಲೇಜು, ಸಿಮ್ಸ್ ವೈದ್ಯಕೀಯ ಕಾಲೇಜು, ಮಂಗನ ಕಾಯಿಲೆಗೆಂದೇ ಇರುವ ಪ್ರಯೋಗಾಲಯ. ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಶಿರಸಿಗೆ ಹೋದರೆ ಅರಣ್ಯ ಕಾಲೇಜು. ಸುತ್ತಲಿನ ಊರುಗಳಲ್ಲಿ ನಮ್ಮಂಥ ಪದವಿ ಕಾಲೇಜುಗಳು, ಅಲ್ಲಿ ಓದುವ ಕಾಡಂಚಿನದೇ ಮಕ್ಕಳು. ಇಷ್ಟು ಜನ ಇದ್ದಾರೆ. ಇವರನ್ನು ಒಂದು ಯೋಜನೆಯೊಳಗೆ ತರುವ ಹಣಕ್ಕೆ ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆ ಇಲ್ಲ. ಒಂದು ವಿಶ್ವವಿದ್ಯಾಲಯ ಉನ್ನತ ಶಿಕ್ಷಣ ಇಲಾಖೆಗೆ, ಇನ್ನೊಂದು ಕೃಷಿ ಇಲಾಖೆಗೆ, ಪಶು ವೈದ್ಯಕೀಯ ಕಾಲೇಜು ಬೀದರಿನ ವಿಶ್ವವಿದ್ಯಾಲಯಕ್ಕೆ, ಸಿಮ್ಸ್ ವೈದ್ಯಕೀಯ ಶಿಕ್ಷಣಕ್ಕೆ. ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಹೋಗಬೇಕಾದರೆ ಕಡತ ಬೆಂಗಳೂರು ಸುತ್ತಿ ಬರಬೇಕು.

ಹಣ ಬಂದಾಗಲೂ ಅದು ಬರುವ ರೀತಿ ನಮ್ಮ ಕೆಲಸಕ್ಕೆ ಒಗ್ಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದೊಡ್ಡ ಭಾಷಣಗಳಲ್ಲಿ ಇದು ಬರುವುದೇ ಇಲ್ಲ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ. ಅಂದರೆ ಕಾಯಿಲೆ ಏರಿ ನಿಂತ ಹೊತ್ತಿನಲ್ಲೇ ಲೆಕ್ಕ ಮುಚ್ಚಬೇಕು, ಬಳಕೆ ಪ್ರಮಾಣಪತ್ರ ಕೊಡಬೇಕು, ಉಳಿದ ಹಣ ವಾಪಸ್ ಹೋಗಬೇಕು. ಹೊಸ ವರ್ಷದ ಕಂತು ಕೈಗೆ ಬರುವ ಹೊತ್ತಿಗೆ ಮಳೆ ಶುರುವಾಗಿರುತ್ತದೆ, ಉಣುಗು ಕಾಣುವುದಿಲ್ಲ, ಜನ ಗದ್ದೆಯಲ್ಲಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಹುಡುಗರನ್ನು ಹಳ್ಳಿಗೆ ಕಳಿಸಲು ಜೀಪಿನ ಬಾಡಿಗೆಗೆ ಮೇಷ್ಟ್ರು ಕೈಯಿಂದ ಹಾಕಬೇಕು. ಹಾಕುತ್ತಾರೆ ಕೂಡ. ಆದರೆ ಒಂದು ರಾಜ್ಯದ ಸಂಶೋಧನೆ ಮೇಷ್ಟ್ರುಗಳ ಸಂಬಳದ ಮೇಲೆ ನಡೆಯಬಾರದು ಅಲ್ವಾ?

ಬಿಲ್ಲಿನ ವಿಷಯವೂ ಹಾಗೆಯೇ. ನಾನು ಕೆಲಸ ಮಾಡಿದ ಒಂದು ಸಮೀಕ್ಷೆಯಲ್ಲಿ ಊರಿನ ಸ್ವಸಹಾಯ ಸಂಘದ ಹೆಂಗಸರು ಸಭೆಗೆ ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸಿದರು. ಹಣ ಕೊಟ್ಟ ಸಂಸ್ಥೆ ಜಿಎಸ್‌ಟಿ ಬಿಲ್ ಕೇಳಿತು. ಪೇಟೆಯ ಹೋಟೆಲಿನಿಂದ ತರಿಸಿದ್ದರೆ ಅದೇ ಹಣ ತಕರಾರಿಲ್ಲದೆ ಪಾಸಾಗುತ್ತಿತ್ತು. ಆಶಾ ಕಾರ್ಯಕರ್ತೆಯರು ನಮ್ಮ ಜೊತೆ ಮನೆಮನೆ ತಿರುಗಿದರು. ಯಾವ ಮನೆಯಲ್ಲಿ ಯಾರು ಕಾಡಿಗೆ ಹೋಗುತ್ತಾರೆ, ಯಾರು ಜ್ವರ ಮುಚ್ಚಿಡುತ್ತಾರೆ ಎಂದು ಅವರಿಗೆ ಗೊತ್ತಿದ್ದಷ್ಟು ನಮಗ್ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಕೂಲಿ ಕೊಡಲು ಆ ಬಜೆಟ್ಟಿನಲ್ಲಿ ಒಂದು ಸಾಲೂ ಇರಲಿಲ್ಲ. ಪೇಟೆಯಿಂದ ಬಂದ ಸಹಾಯಕರಿಗೆ ಸಂಬಳ, ದಾರಿ ತೋರಿಸಿ ಮಾತಾಡಿಸಿಕೊಟ್ಟ ಊರಿನವರಿಗೆ ಒಂದು ಚೀಲ ಮತ್ತು ಊಟ. ನನಗೆ ಇದು ಅನ್ಯಾಯ ಎನಿಸುತ್ತದೆ. ಅನ್ಯಾಯ ಅಷ್ಟೇ ಅಲ್ಲ, ಸಂಶೋಧನೆಗೂ ಕೆಟ್ಟದ್ದು. ಮುಂದಿನ ಸಲ ಅವರು ಯಾಕೆ ನಿಜ ಹೇಳಬೇಕು?

ಹಂದಿಗೋಡಿನ ಜನರನ್ನು ಕೇಳಿದರೆ ಈ ಮಾತಿನ ತೂಕ ತಿಳಿಯುತ್ತದೆ. ಸಾಗರದ ಪಕ್ಕದ ಈ ಊರಿನಲ್ಲಿ 1970ರ ದಶಕದಲ್ಲಿ ಒಂದು ಕೀಲಿನ ಕಾಯಿಲೆ ಗಮನಕ್ಕೆ ಬಂತು. ಸೊಂಟ, ಮೊಣಕಾಲು ಸವೆದು ಜನ ಕುಗ್ಗಿ ನಡೆಯುವಂತಾಗುತ್ತಿತ್ತು. ನರಳಿದವರಲ್ಲಿ ಹೆಚ್ಚಿನವರು ದಲಿತ ಕುಟುಂಬದವರು. ಗದ್ದೆಯ ಏಡಿ ತಿಂದದ್ದರಿಂದ, ಅದರಲ್ಲಿದ್ದ ಕೀಟನಾಶಕದಿಂದ ಬಂತೇ ಎಂಬ ಅನುಮಾನ ಇತ್ತು. ಕೊನೆಗೆ ವಂಶದಲ್ಲಿ ಇಳಿದು ಬರುವ ಕಾಯಿಲೆ ಎಂಬ ತೀರ್ಮಾನಕ್ಕೆ ವಿಜ್ಞಾನಿಗಳು ಬಂದರು. ದಶಕಗಟ್ಟಲೆ ತಂಡಗಳು ಬಂದವು, ರಕ್ತ ತೆಗೆದುಕೊಂಡವು, ಎಕ್ಸ್‌ರೇ ತೆಗೆದವು. ವಿಜ್ಞಾನಕ್ಕೆ ಅದರಿಂದ ತಿಳಿವಳಿಕೆ ಸಿಕ್ಕಿತು, ಅದು ಸಣ್ಣ ವಿಷಯವಲ್ಲ. ಆದರೆ ವಂಶದಿಂದ ಬಂದದ್ದು ಎಂದ ಕೂಡಲೇ ಆ ಕುಟುಂಬಗಳ ಪ್ರಶ್ನೆ ಮುಗಿಯುವುದಿಲ್ಲ. ಕೂಲಿ ಮಾಡಲಾಗದ ಮೈ ಇಟ್ಟುಕೊಂಡು ಬದುಕುವುದು ಹೇಗೆ? ಮಕ್ಕಳ ಮದುವೆ ಹೇಗೆ? ಪಿಂಚಣಿ ಯಾರು ಕೊಡಿಸುತ್ತಾರೆ? ಇವು ಯಾವ ಪ್ರಯೋಗಾಲಯದ ಪ್ರಶ್ನೆಗಳೂ ಅಲ್ಲ. ಪ್ರಶ್ನೆಯನ್ನು ಕುಟುಂಬಗಳ ಜೊತೆ ಕೂತು ಬರೆದಿದ್ದರೆ ಇವು ಮೊದಲ ಪುಟದಲ್ಲೇ ಬರುತ್ತಿದ್ದವು.

ಹಾಗೆ ಜೊತೆಯಲ್ಲಿ ಕೂತು ಮಾಡುವುದು ನಮಗೆ ಹೊಸದಲ್ಲ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಪಶ್ಚಿಮ ಘಟ್ಟದ ಕಾಲೇಜು ಮೇಷ್ಟ್ರುಗಳನ್ನು, ವಿದ್ಯಾರ್ಥಿಗಳನ್ನು, ಹಳ್ಳಿಯವರನ್ನು ಸೇರಿಸಿಕೊಂಡು ಊರಿನ ಗಿಡಮರ, ಪ್ರಾಣಿ, ಅವುಗಳ ಬಳಕೆ ಎಲ್ಲವನ್ನೂ ಬರೆದಿಡುವ ಕೆಲಸ ಮಾಡಿದರು. ಜನತಾ ಜೀವವೈವಿಧ್ಯ ದಾಖಲಾತಿ ಎಂದು ನಾವು ಇವತ್ತು ಕರೆಯುವುದು ಬೆಳೆದದ್ದು ಅಲ್ಲಿಂದ. 2002ರ ಜೀವವೈವಿಧ್ಯ ಕಾಯ್ದೆಯ ನಂತರ ಅದು ಪ್ರತಿ ಪಂಚಾಯಿತಿಯ ಕೆಲಸವಾಯಿತು. ಆಮೇಲೆ ಏನಾಯಿತು? ವರ್ಷಗಟ್ಟಲೆ ಯಾರೂ ಹಣ ಕೊಡಲಿಲ್ಲ, ಯಾರೂ ಕೇಳಲಿಲ್ಲ. ಕೊನೆಗೆ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿತು, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ದಂಡ ಎಂದಿತು. ಆಗ ದೇಶದ ತುಂಬಾ ಅವಸರದಲ್ಲಿ ಪುಸ್ತಕಗಳು ತುಂಬಿದವು. ನ್ಯಾಯಮಂಡಳಿಯ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಊರಿನ ಹಿರಿಯರ ಜೊತೆ ಕಾಡಿನಲ್ಲಿ ನಡೆದು ಬರೆಯಬೇಕಾದ್ದನ್ನು ಗಡುವಿಗೆ ಹೆದರಿ ಬರೆದರೆ ಅದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಅದೇ ಕೆಲಸ, ಅದೇ ನಮೂನೆ. ಸಮಯ ಮತ್ತು ಹಣ ಕೊಟ್ಟ ರೀತಿ ಬೇರೆ, ಸಿಕ್ಕ ಫಲ ಬೇರೆ.

ಪಕ್ಕದ ಕೇರಳದಲ್ಲಿ 1990ರ ದಶಕದಲ್ಲಿ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ ಸ್ಥಳೀಯ ಅಭಿವೃದ್ಧಿಯ ಬಗ್ಗೆ ಒಂದು ಸಂಶೋಧನಾ ಕಾರ್ಯಕ್ರಮ ನಡೆಸಿತು. ವಿಶ್ವವಿದ್ಯಾಲಯದ ಹೊರಗಿನವರಿಗೂ ಸಣ್ಣ ಸಣ್ಣ ಮೊತ್ತ ಕೊಟ್ಟು ತಮ್ಮ ಊರಿನ ಪ್ರಶ್ನೆಯನ್ನು ತಾವೇ ಅಧ್ಯಯನ ಮಾಡಲು ದಾರಿ ಮಾಡಿಕೊಟ್ಟಿತು. ಅದಕ್ಕೂ ಹಣ ನೆದರ್ಲೆಂಡ್ಸ್ ಸರ್ಕಾರದ್ದು. ಕೆನಡಾ ಮಾತ್ರ ತನ್ನ ಸಮಾಜ ವಿಜ್ಞಾನ ಮಂಡಳಿಯ ಮೂಲಕ 1999ರಲ್ಲೇ ಸಮುದಾಯ ಮತ್ತು ವಿಶ್ವವಿದ್ಯಾಲಯಗಳ ಜಂಟಿ ಸಂಶೋಧನೆಗೆ ತನ್ನದೇ ನಿಧಿ ಶುರು ಮಾಡಿತು. ಕರ್ನಾಟಕ ಯಾಕೆ ಮಾಡಬಾರದು?

ಹಾಗಾದರೆ ನಿಖರವಾಗಿ ಏನು ಬೇಕು ಎಂದು ಹೇಳುತ್ತೇನೆ. ಮೊದಲನೆಯದಾಗಿ, ಪ್ರಶ್ನೆ ರೂಪಿಸುವುದಕ್ಕೇ ಒಂದು ಸಣ್ಣ ಅನುದಾನ ಬೇಕು. ಅರ್ಜಿ ಬರೆಯುವ ಮೊದಲು ಮೇಷ್ಟ್ರುಗಳು, ಪಂಚಾಯಿತಿಯವರು, ಆಶಾ ಕಾರ್ಯಕರ್ತೆಯರು, ಅರಣ್ಯ ಹಕ್ಕು ಸಮಿತಿಯವರು ಒಂದು ವರ್ಷ ಕೂತು ಮಾತಾಡಲಿ. ಕೊನೆಗೆ ಯೋಜನೆ ಬೇಡ ಎಂದು ಊರು ಹೇಳಿದರೂ ಆ ಹಣ ವ್ಯರ್ಥವಲ್ಲ. ಈಗ ಆಗುತ್ತಿರುವುದು ತದ್ವಿರುದ್ಧ. ಅರ್ಜಿಯ ಕೊನೆಯ ದಿನದ ಹಿಂದಿನ ವಾರ ಊರಿನ ಸಂಘದ ಅಧ್ಯಕ್ಷರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬರುತ್ತೇವೆ. ಅವರು ಒಳಗೆ ಏನಿದೆ ಎಂದು ಓದಿರುವುದೂ ಇಲ್ಲ.

ಆಮೇಲೆ ಮುಖ್ಯ ಅನುದಾನ ಐದು ವರ್ಷದ್ದಾಗಬೇಕು. ಮಂಗನ ಕಾಯಿಲೆ ಒಂದು ವರ್ಷ ಒಂದು ಪಂಚಾಯಿತಿಯಲ್ಲಿ ಜೋರಾಗಿ ಬಂದರೆ ಇನ್ನೊಂದು ವರ್ಷ ಬೇರೆ ಕಡೆ ಕಾಣಿಸುತ್ತದೆ. 1982–83ರಲ್ಲಿ ಅದು ಶಿವಮೊಗ್ಗ ಬಿಟ್ಟು ಬೆಳ್ತಂಗಡಿ ತಾಲ್ಲೂಕಿನಲ್ಲಿ ಭೀಕರವಾಗಿ ಬಂದಿತ್ತು, ಗೇರು ತೋಟಕ್ಕೆಂದು ಕಾಡು ಕಡಿದ ಜಾಗದ ಸುತ್ತ. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಹೋಗಿದೆ. ಎರಡು ವರ್ಷದ ಯೋಜನೆಯಲ್ಲಿ ಇದನ್ನು ಹಿಡಿಯಲು ಆಗುವುದಿಲ್ಲ. ಈ ಹಣ ಮಾರ್ಚ್ 31ಕ್ಕೆ ಸಾಯಬಾರದು. ಅದಕ್ಕೆ ಪ್ರತ್ಯೇಕ ಖಾತೆ ಮಾಡಿ, ಉಳಿದದ್ದು ತಾನಾಗಿ ಮುಂದಿನ ವರ್ಷಕ್ಕೆ ಹೋಗುವಂತೆ ಆದೇಶ ಮಾಡಿ. ಹಣಕಾಸು ಇಲಾಖೆಯವರನ್ನು ಒಪ್ಪಿಸುವುದು ಕಷ್ಟ ಎಂದು ಗೊತ್ತು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಊರಿನ ಪಾಲುದಾರರ ಹೆಸರಿನಲ್ಲೇ ಹಣದ ಒಂದು ಭಾಗ ನೇರವಾಗಿ ಬರಬೇಕು. ಎಷ್ಟು ಎಂದು ಚರ್ಚೆ ಮಾಡೋಣ. ನನ್ನ ಅಭಿಪ್ರಾಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಆಗಬಾರದು. ಗ್ರಾಮ ಪಂಚಾಯಿತಿಗೋ, ಸ್ವಸಹಾಯ ಸಂಘಗಳ ಒಕ್ಕೂಟಕ್ಕೋ ಬ್ಯಾಂಕ್ ಖಾತೆ ಇದೆ, ಲೆಕ್ಕಪರಿಶೋಧನೆ ಇದೆ. ಹಣ ಬರೋದು ಅವರಿಗೆ ಹೊಸದಲ್ಲ. ಆಶಾ ಕಾರ್ಯಕರ್ತೆ, ಅರಣ್ಯ ವಾಚರ್, ದನ ಕಾಯುವವರು ಕೊಡುವ ಸಮಯಕ್ಕೆ ದಿನಗೂಲಿ ಬೇಕು. ವರದಿಯಲ್ಲಿ ಅವರು ಒಪ್ಪಿದರೆ ಹೆಸರೂ ಬೇಕು. ಫಲಿತಾಂಶ ಇಂಗ್ಲಿಷ್ ಪತ್ರಿಕೆಗೆ ಹೋಗುವ ಮೊದಲು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಬೇಕು. ಕಾಡಂಚಿನ ಕುಣಬಿ, ಹಸಲ ಸಮುದಾಯಗಳ ಹಾಡಿಗಳಿಗೂ ಹೋಗಿ ಹೇಳಬೇಕು, ಅವರು ಗ್ರಾಮಸಭೆಗೆ ಬರಲಿ ಎಂದು ಕಾಯಬಾರದು.

ವಿಶ್ವವಿದ್ಯಾಲಯದ ಒಳಗೂ ಒಂದು ಬದಲಾವಣೆ ಬೇಕು. ಒಬ್ಬ ಯುವ ಅಧ್ಯಾಪಕಿ ಎರಡು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಿದರೆ ಬಡ್ತಿಯ ಅಂಕ ಸಿಗುವುದಿಲ್ಲ. ಅದೇ ಸಮಯದಲ್ಲಿ ಮೂರು ಲೇಖನ ಬರೆದರೆ ಸಿಗುತ್ತದೆ. ಎರಡು ವಿಭಾಗದವರು ಸೇರಿ ಮಾಡಿದರೆ ಅಂಕವೂ ಹಂಚಿಹೋಗುತ್ತದೆ. ಹೀಗಿರುವಾಗ ಯಾರು ಬರುತ್ತಾರೆ? ಊರಿನವರ ಜೊತೆ ಮಾಡಿದ ಕೆಲಸಕ್ಕೂ ಅಂಕ ಕೊಡುವ ನಿಯಮವನ್ನು ಪರಿಷತ್ತು ಮುಂದೆ ನಿಂತು ಮಾಡಿಸಬೇಕು.

ವಿಶ್ವವಿದ್ಯಾಲಯಗಳಿಗೆ ಪಿಂಚಣಿ ಕೊಡಲೇ ಹಣ ಇಲ್ಲ, ಹೊಸದಾಗಿ ತೆರೆದವನ್ನೇ ಮುಚ್ಚುವ ಮಾತೂ ಬಂದಿದೆ, ಈ ಹೊತ್ತಿನಲ್ಲಿ ಇದೆಲ್ಲಾ ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ನಾನು ಕೇಳುತ್ತಿರುವುದು ಕಟ್ಟಡವಲ್ಲ, ಯಂತ್ರವಲ್ಲ, ಹೊಸ ಹುದ್ದೆಯೂ ಅಲ್ಲ. ಇರುವ ಕಾಲೇಜು, ಇರುವ ಮೇಷ್ಟ್ರುಗಳು, ಇರುವ ಜನ. ಅವರನ್ನು ಸೇರಿಸುವ ಹಣ, ಅಷ್ಟೇ. ಪ್ರತಿ ವರ್ಷ ಎಣ್ಣೆ ಖರೀದಿ, ಪುಡಿ ಖರೀದಿ, ಆಸ್ಪತ್ರೆ ಖರ್ಚು, ಪರಿಹಾರ ಎಂದು ಸರ್ಕಾರ ಈಗಾಗಲೇ ಖರ್ಚು ಮಾಡುತ್ತಿದೆ. ಆ ಎಣ್ಣೆ ಮನೆಯ ಮೂಲೆಯಲ್ಲಿ ಮುಚ್ಚಳ ತೆರೆಯದೆ ಯಾಕೆ ಕೂತಿರುತ್ತದೆ ಎಂದು ತಿಳಿಯಲು ಅದರ ಒಂದು ಸಣ್ಣ ಪಾಲು ಸಾಕು.

ಮಲೆನಾಡಿನಿಂದ ಶುರು ಮಾಡಿ. ಇದು ನಡೆದರೆ ಪಾವಗಡದ ಫ್ಲೋರೈಡ್ ನೀರಿಗೆ, ಕೋಲಾರದ ಕೆರೆಗಳಿಗೆ ಬರುತ್ತಿರುವ ಬೆಂಗಳೂರಿನ ಸಂಸ್ಕರಿಸಿದ ನೀರಿಗೆ, ನಮ್ಮ ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಇದೇ ದಾರಿ ಬಳಸಬಹುದು. ಅಲ್ಲೂ ಒಂದು ಇಲಾಖೆಯಿಂದ, ಒಂದು ವಿಭಾಗದಿಂದ ಬಗೆಹರಿಯದ ಪ್ರಶ್ನೆಗಳೇ ಇವೆ.

ಮುಂದಿನ ಬಜೆಟ್ಟಿಗೆ ಮೊದಲು ಸಾಗರ ಅಥವಾ ತೀರ್ಥಹಳ್ಳಿಯಲ್ಲಿ ಒಂದು ದಿನದ ಸಭೆ ಕರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಕುಲಪತಿಗಳು ಬರಲಿ, ಸಂಬಂಧಪಟ್ಟ ಎಲ್ಲ ಇಲಾಖೆಯವರೂ ಬರಲಿ. ಅರಳಗೋಡು ಸುತ್ತಿನ ಆಶಾ ಕಾರ್ಯಕರ್ತೆಯರನ್ನು ಮೊದಲು ಮಾತಾಡಲು ಬಿಡಿ. ಸಭೆ ನವೆಂಬರ್ ಒಳಗೆ ಆದರೆ ಒಳ್ಳೆಯದು. ಡಿಸೆಂಬರ್ ಬಂದರೆ ಅವರಿಗೆ ಪುರುಸೊತ್ತು ಇರುವುದಿಲ್ಲ.

ವಿಶ್ವಾಸದಿಂದ,
ಮಲೆನಾಡಿನ ಒಬ್ಬ ಕಾಲೇಜು ಮೇಷ್ಟ್ರು